ಓದುಗರೊಡನೆ: ಕೊಲ್ಲದೆ ಹಿಡಿದವನ ಕಥೆ

ಕಳೆದ ಸಂಚಿಕೆಯಲ್ಲಿ ‘ದಿ ಡ್ಯಾನ್ಸರ್ ಅಪ್‌ಸ್ಟೇರ್ಸ್’ ಎಂಬ ಚಿತ್ರವನ್ನು ಪರಿಚಯಿಸಿದ್ದೆ. ನಟ ಜಾನ್ ಮಾಲ್ಕೊವಿಚ್ ಅವರು ನಿರ್ದೇಶಕರಾಗಿ ಮಾಡಿದ ಮೊದಲ ಕಥಾಚಿತ್ರ ಇದು. ಮೊದಲ ಪ್ರದರ್ಶನ ಕಂಡದ್ದು 2002ರಲ್ಲಿ. ಹೆಸರಿಲ್ಲದ ಲ್ಯಾಟಿನ್ ಅಮೆರಿಕದ ದೇಶವೊಂದರಲ್ಲಿ, ಎಸೆಕಿಯೆಲ್ ಎಂಬ ಹೆಸರಿನಲ್ಲಿ ಮರೆಯಲ್ಲಿದ್ದುಕೊಂಡು ಕ್ರಾಂತಿ ನಡೆಸುತ್ತಿರುವ ನಾಯಕನನ್ನು ಅಗುಸ್ಟಿನ್ ರೆಹಾಸ್ ಎಂಬ ಪೊಲೀಸ್ ಅಧಿಕಾರಿ ಹುಡುಕುತ್ತಾನೆ. ಹುಡುಕಾಟದ ನಡುವೆಯೇ ತನ್ನ ಮಗಳಿಗೆ ನೃತ್ಯ ಕಲಿಸುವ ಯೊಲಾಂಡಾಳಿಗೆ ಮನಸೋಲುತ್ತಾನೆ. ರೆಹಾಸ್ ಆಗಿ ಹಾವಿಯೆರ್ ಬಾರ್ಡೆಮ್, ಯೊಲಾಂಡಾ ಆಗಿ ಲಾರಾ ಮೊರಾಂಟೆ ನಟಿಸಿದ್ದಾರೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಚಿತ್ರವನ್ನು ಇನ್ನೂ ನೋಡದವರು ನೋಡಿದ ಮೇಲೆ ಓದುವುದು ಒಳ್ಳೆಯದು, ಏಕೆಂದರೆ ಕಥೆಯ ಗುಟ್ಟನ್ನು ಮುಚ್ಚಿಟ್ಟು ಈ ಪ್ರಶ್ನೆಗಳಿಗೆ ಉತ್ತರಿಸಲು ಸಾಧ್ಯವಿಲ್ಲ.

ಪ್ರಶ್ನೆ: ನಿಮ್ಮ ಮಾತು ನಂಬಿ ಮನೆಮಂದಿಯೆಲ್ಲ ಕುಳಿತು ನೋಡಿದೆವು. ಎರಡು ಗಂಟೆಗೂ ಮಿಕ್ಕಿದ ಚಿತ್ರದಲ್ಲಿ ಪತ್ತೇದಾರ ಓಡುವುದೇ ಅಪರೂಪ. ಕಾರುಗಳ ಬೆನ್ನಟ್ಟುವಿಕೆ ಇಲ್ಲ, ಹೊಡೆದಾಟವಿಲ್ಲ. ಇದನ್ನು ರೋಚಕ ಚಿತ್ರವೆಂದು ಹೇಗೆ ಕರೆಯುತ್ತೀರಿ? (ಹಾಸನ)

ಉತ್ತರ: ಚಿತ್ರ ನಿಧಾನವಾಗಿದೆ ಎಂಬುದನ್ನು ಒಪ್ಪುತ್ತೇನೆ, ಮತ್ತು ಅದರ ಶಕ್ತಿಯೆಲ್ಲ ಇರುವುದು ಆ ನಿಧಾನದಲ್ಲಿಯೇ ಎಂದು ನಂಬುತ್ತೇನೆ. ನಮಗೆ ರೂಢಿಯಾಗಿರುವ ಪೊಲೀಸ್ ಚಿತ್ರಗಳಲ್ಲಿ ಅಪರಾಧಿ ಯಾರೆಂಬುದು ಬೇಗ ತಿಳಿಯುತ್ತದೆ, ನಾಯಕ ಅವನನ್ನು ಯಾವಾಗ, ಹೇಗೆ ಮುಗಿಸುತ್ತಾನೆ ಎಂಬುದಷ್ಟೇ ಉಳಿದಿರುತ್ತದೆ. ಇಲ್ಲಿ ಎಸೆಕಿಯೆಲ್ ಎಲ್ಲಿದ್ದಾನೆ, ಈಗ ಹೇಗೆ ಕಾಣುತ್ತಾನೆ, ಯಾರ ಮೂಲಕ ಆಜ್ಞೆ ಕಳುಹಿಸುತ್ತಾನೆ ಎಂಬ ಯಾವುದೂ ಪೊಲೀಸರಿಗೆ ಗೊತ್ತಿಲ್ಲ. ಅವನ ಕೆಲಸಗಳು ಮಾತ್ರ ಕಣ್ಣಿಗೆ ಬೀಳುತ್ತವೆ: ಒಂದು ಬೆಳಿಗ್ಗೆ ದೀಪದ ಕಂಬಗಳಲ್ಲಿ ಸತ್ತ ನಾಯಿಗಳು ನೇತಾಡುತ್ತಿರುತ್ತವೆ, ಇನ್ನೊಂದು ರಾತ್ರಿ ಇಡೀ ನಗರ ಕತ್ತಲಲ್ಲಿ ಮುಳುಗುತ್ತದೆ. ಹೊಣೆ ಹೊತ್ತು ಯಾರೂ ಮುಂದೆ ಬರುವುದಿಲ್ಲ, ಬೇಡಿಕೆಗಳ ಪಟ್ಟಿಯೂ ಬರುವುದಿಲ್ಲ. ಶತ್ರುವಿಗೆ ಮುಖವೇ ಇಲ್ಲದಿರುವಾಗ ನಾಯಕ ಓಡಿಯಾದರೂ ಎಲ್ಲಿಗೆ ಓಡಬೇಕು?

ದೂರದ ಗುಡ್ಡಗಾಡಿನ ಚೆಕ್‌ಪೋಸ್ಟಿನಲ್ಲಿ ರೆಹಾಸ್ ಕಿರಿಯ ಅಧಿಕಾರಿಯಾಗಿದ್ದಾಗ ಒಮ್ಮೆ ಎದುರಿಗೆ ಬಂದಿದ್ದ ಮನುಷ್ಯನನ್ನೇ ಮುಂದೆ ಅವನು ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಆ ಆರಂಭದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಏನೂ ನಡೆಯುತ್ತಿಲ್ಲವೆಂದು ಮೊದಲ ಸಲ ಅನ್ನಿಸುತ್ತದೆ. ಎಲ್ಲವೂ ಅಲ್ಲಿಯೇ ನಡೆದುಹೋಗಿತ್ತೆಂದು ಎರಡನೆಯ ಸಲ ತಿಳಿಯುತ್ತದೆ. ರೆಹಾಸ್ ಮೂಲತಃ ವಕೀಲ. ಕಾನೂನನ್ನು ಹೆಚ್ಚು ಪ್ರಾಮಾಣಿಕವಾಗಿ ನಡೆಸಬಹುದೆಂಬ ಆಸೆಯಿಂದ ಪೊಲೀಸ್ ಇಲಾಖೆಗೆ ಸೇರಿದವನು. ಸಾಕ್ಷ್ಯ ಕೈಗೆ ಬರುವವರೆಗೆ ಕಾಯುವುದು ಅವನಿಗೆ ಸ್ವಭಾವವೂ ಹೌದು, ನಂಬಿಕೆಯೂ ಹೌದು. ಸುತ್ತಲೂ ಎಲ್ಲರೂ ಆತುರದಲ್ಲಿರುವಾಗ, ಅಂದರೆ ಕ್ರಾಂತಿಕಾರಿಗಳು ನಾಳೆಯೇ ಹೊಸ ಲೋಕ ಬರಬೇಕೆಂದು ಕೊಲ್ಲುತ್ತಿರುವಾಗ, ಸರ್ಕಾರ ನಾಳೆಯೇ ಶಾಂತಿ ಬರಬೇಕೆಂದು ಸೈನ್ಯವನ್ನು ಬೀದಿಗೆ ಇಳಿಸುತ್ತಿರುವಾಗ, ಕಾಯಬಲ್ಲ ಒಬ್ಬನೇ ಮನುಷ್ಯನಾಗಿ ಅವನು ನಿಲ್ಲುತ್ತಾನೆ. ನನ್ನ ಮಟ್ಟಿಗೆ ಇಡೀ ಚಿತ್ರದ ರೋಚಕತೆ ಇರುವುದು, ಆ ತಾಳ್ಮೆ ಮುರಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ.

ಪ್ರಶ್ನೆ: ಕಂಬಕ್ಕೆ ನಾಯಿಗಳನ್ನು ನೇತುಹಾಕುವ ದೃಶ್ಯ ಅತಿರೇಕವೆನಿಸಿತು. ಇದು ನಿಜವಾಗಿ ನಡೆದದ್ದೇ? (ಚಿಕ್ಕಮಗಳೂರು)

ಉತ್ತರ: ನಡೆದದ್ದು. ಪೆರು ದೇಶದ ರಾಜಧಾನಿ ಲಿಮಾದಲ್ಲಿ 1980ರ ಡಿಸೆಂಬರಿನಲ್ಲಿ ಜನರು ಬೆಳಿಗ್ಗೆ ಎದ್ದು ಕಂಡದ್ದು ಇದನ್ನೇ. ಚೀನಾದಲ್ಲಿ ಮಾವೋ ನಂತರ ಅಧಿಕಾರಕ್ಕೆ ಬಂದ ಡೆಂಗ್ ಷಿಯಾವೊಪಿಂಗ್ ಅವರನ್ನು ಬೈಯುವ ಫಲಕಗಳು ಆ ನಾಯಿಗಳ ಮೈಮೇಲಿದ್ದವು. ಅದು ‘ಸೆಂದೆರೊ ಲುಮಿನೊಸೊ’, ಅಂದರೆ ಹೊಳೆಯುವ ಹಾದಿ ಎಂದು ಹೆಸರಾದ ಮಾವೋವಾದಿ ಪಕ್ಷದ ಕೆಲಸವಾಗಿತ್ತು. ಅದೇ ವರ್ಷದ ಮೇ 17ರಂದು, ಚುನಾವಣೆಯ ಹಿಂದಿನ ದಿನ, ಅಯಾಕುಚೊ ಪ್ರಾಂತ್ಯದ ಚುಸ್ಚಿ ಎಂಬ ಹಳ್ಳಿಯಲ್ಲಿ ಮತಪೆಟ್ಟಿಗೆಗಳನ್ನು ಸುಡುವುದರೊಂದಿಗೆ ಅವರ ಸಶಸ್ತ್ರ ಹೋರಾಟ ಆರಂಭವಾಗಿತ್ತು. ನಾಯಕ ಅಬಿಮಾಯೆಲ್ ಗುಸ್ಮಾನ್ ಅಯಾಕುಚೊದ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ; ಅನುಯಾಯಿಗಳಿಗೆ ಆತ ‘ಅಧ್ಯಕ್ಷ ಗೊನ್ಸಾಲೊ’. ವಿದ್ಯುತ್ ಗೋಪುರಗಳನ್ನು ಸ್ಫೋಟಿಸಿ ಲಿಮಾವನ್ನು ಕತ್ತಲಾಗಿಸುವುದು, ಅದೇ ಹೊತ್ತಿಗೆ ಸುತ್ತಲಿನ ಗುಡ್ಡದ ಮೇಲೆ ಸುತ್ತಿಗೆ–ಕುಡುಗೋಲಿನ ಆಕಾರದಲ್ಲಿ ಬೆಂಕಿ ಹೊತ್ತಿಸುವುದು ಅವರ ರೂಢಿಯ ವಿಧಾನವಾಗಿತ್ತು.

ನಿಕೊಲಸ್ ಶೇಕ್ಸ್‌ಪಿಯರ್ ಎಂಬ ಬ್ರಿಟಿಷ್ ಲೇಖಕರು ಈ ಘಟನೆಗಳಿಂದ ಪ್ರೇರಿತರಾಗಿ ಬರೆದ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಚಿತ್ರಕಥೆಯನ್ನೂ ಅವರೇ ಬರೆದರು. ಪತ್ತೇದಾರ ಮತ್ತು ನೃತ್ಯ ಶಿಕ್ಷಕಿಯ ಪ್ರೇಮ ಸಂಪೂರ್ಣ ಕಲ್ಪನೆ. ಭಯದ ವಾತಾವರಣ ಮಾತ್ರ ಕಲ್ಪನೆಯಿಂದ ಬಂದದ್ದಲ್ಲ.

ಪ್ರಶ್ನೆ: ಹಾಗಾದರೆ ನಿಜವಾದ ನಾಯಕನನ್ನು ಹಿಡಿದದ್ದು ಹೇಗೆ? ಚಿತ್ರದಲ್ಲಿ ತೋರಿಸಿದಂತೆ ನೃತ್ಯಶಾಲೆಯ ಮಹಡಿಯಲ್ಲೇ ಸಿಕ್ಕಿದನೇ? (ಬೇಲೂರು)

ಉತ್ತರ: ಹೌದು, ಮತ್ತು ಆ ಪತ್ತೆಯ ಕಥೆ ಚಿತ್ರಕ್ಕಿಂತಲೂ ಕುತೂಹಲಕರವಾಗಿದೆ. 1990ರ ಮಾರ್ಚ್‌ನಲ್ಲಿ ಪೆರುವಿನ ಭಯೋತ್ಪಾದನಾ ನಿಗ್ರಹ ಪೊಲೀಸ್ ವಿಭಾಗದೊಳಗೆ ಬೆನೆದಿಕ್ತೊ ಹಿಮೆನೆಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಪುಟ್ಟದೊಂದು ಗುಪ್ತಚರ ತಂಡ ರಚನೆಯಾಯಿತು. ಅನುಮಾನಿತರನ್ನು ಕಂಡ ಕೂಡಲೇ ಬಂಧಿಸಿ, ಹೊಡೆದು ಬಾಯಿ ಬಿಡಿಸುವ ಹಳೆಯ ಕ್ರಮವನ್ನು ಈ ತಂಡ ಬದಿಗಿಟ್ಟಿತು. ಒಬ್ಬನನ್ನು ಗುರುತಿಸಿದರೆ ಅವನನ್ನು ಮುಟ್ಟದೆ, ಅವನು ಯಾರನ್ನು ಭೇಟಿಯಾಗುತ್ತಾನೆ, ಆ ಇನ್ನೊಬ್ಬ ಎಲ್ಲಿಗೆ ಹೋಗುತ್ತಾನೆ ಎಂದು ತಿಂಗಳುಗಟ್ಟಲೆ ಹಿಂಬಾಲಿಸಿತು. 1991ರ ಆರಂಭದಲ್ಲಿ ಒಂದು ಮನೆಯನ್ನು ಶೋಧಿಸಿದಾಗ ಸಿಕ್ಕ ವಿಡಿಯೊ ಟೇಪಿನಲ್ಲಿ, ದೇಶವೇ ಹೆದರುತ್ತಿದ್ದ ಗುಸ್ಮಾನ್ ಸಂಗಾತಿಗಳ ನಡುವೆ ಗ್ರೀಕ್ ಸಂಗೀತಕ್ಕೆ ಹೆಜ್ಜೆ ಹಾಕುತ್ತಿದ್ದ. ವರ್ಷಗಳ ಕಾಲ ಹಳೆಯ ಛಾಯಾಚಿತ್ರಗಳನ್ನೇ ನೆಚ್ಚಿಕೊಂಡಿದ್ದ ಪೊಲೀಸರಿಗೆ ಆತನ ಇತ್ತೀಚಿನ ಮುಖ ಆಗ ಕಾಣಸಿಕ್ಕಿತು.

ಕೊನೆಗೆ ಅವರನ್ನು ದಾರಿಗೆ ಹಚ್ಚಿದ್ದು ಕಸ. ಲಿಮಾದ ಸುರ್ಕಿಯೊ ಬಡಾವಣೆಯಲ್ಲಿ ಮರಿತ್ಸಾ ಗರಿದೊ ಲೆಕ್ಕಾ ಎಂಬ ನೃತ್ಯಗಾರ್ತಿ ಬಾಡಿಗೆಗಿದ್ದ ಮನೆಯ ಕೆಳಗೆ ನೃತ್ಯಶಾಲೆಯಿತ್ತು. ತಂಡದವರು ಪೌರಕಾರ್ಮಿಕರ ವೇಷದಲ್ಲಿ ಆ ಮನೆಯ ಕಸವನ್ನು ಸಂಗ್ರಹಿಸಿ ಒಂದೊಂದಾಗಿ ಬಿಡಿಸಿ ನೋಡಿದರು. ಅಲ್ಲಿ ವಾಸಿಸುವವರೆಂದು ಹೇಳಿಕೊಂಡವರು ಬಿಸಾಡಬಹುದಾದದ್ದಕ್ಕಿಂತ ಹೆಚ್ಚು ಕಸ ಅಲ್ಲಿತ್ತು. ಗುಸ್ಮಾನ್ ಸೇದುತ್ತಿದ್ದ ಬ್ರ್ಯಾಂಡಿನ ಸಿಗರೇಟಿನ ತುಂಡುಗಳಿದ್ದವು. ಆತನಿಗಿದ್ದ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಹಚ್ಚುವ ಔಷಧದ ಖಾಲಿ ಟ್ಯೂಬುಗಳಿದ್ದವು. 1992ರ ಸೆಪ್ಟೆಂಬರ್ 12ರ ರಾತ್ರಿ, ಪ್ರೇಮಿಗಳಂತೆ ನಟಿಸುತ್ತ ಬೀದಿಯಲ್ಲಿ ಕಾದಿದ್ದ ಇಬ್ಬರು ಪೊಲೀಸರು, ಅತಿಥಿಗಳನ್ನು ಕಳುಹಿಸಲು ಬಾಗಿಲು ತೆರೆದ ಕ್ಷಣದಲ್ಲಿ ಒಳನುಗ್ಗಿದರು. ಮಹಡಿಯಲ್ಲಿ ಕುಳಿತಿದ್ದ ಗುಸ್ಮಾನ್ ಪ್ರತಿರೋಧವಿಲ್ಲದೆ ಸೆರೆಯಾದ. ಆ ಮನೆಯಲ್ಲಿ ಒಂದು ಜೀವವೂ ಹೋಗಲಿಲ್ಲ.

ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಆ ವರ್ಷದ ಏಪ್ರಿಲ್ 5ರಂದು ಸಂಸತ್ತನ್ನು ಮುಚ್ಚಿಸಿ, ಸೈನ್ಯದ ಬೆಂಬಲದಿಂದ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡಿದ್ದರು. ಭಯೋತ್ಪಾದನೆಯನ್ನು ಮಣಿಸಲು ಇದು ಅನಿವಾರ್ಯವೆಂದು ಹೇಳಿದ್ದರು. ಗುಸ್ಮಾನ್ ಸಿಕ್ಕಿಬಿದ್ದ ರಾತ್ರಿ ಅಧ್ಯಕ್ಷರು ರಾಜಧಾನಿಯಲ್ಲೇ ಇರಲಿಲ್ಲ, ಮೀನು ಹಿಡಿಯಲು ಹೋಗಿದ್ದರು. ಕಾರ್ಯಾಚರಣೆಯ ಸುದ್ದಿ ಅವರಿಗೆ ಮುಂಚಿತವಾಗಿ ತಿಳಿದಿರಲಿಲ್ಲ. ಸಂಸತ್ತು ತೆರೆದಿದ್ದ ಕಾಲದಲ್ಲೇ ಆರಂಭವಾಗಿ, ಸಾಧಾರಣ ಪೊಲೀಸರು ಕಸ ಬಿಡಿಸುತ್ತ ಮುಗಿಸಿದ ಕೆಲಸವದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಮಕ್ಕಳೊಂದಿಗೆ ನೋಡಬಹುದೇ? (ಅರಕಲಗೂಡು)

ಉತ್ತರ: ಬೇಡ. ಪ್ರಾಣಿಹಿಂಸೆಯ ದೃಶ್ಯಗಳಿವೆ, ಮಕ್ಕಳನ್ನೇ ಹಿಂಸೆಗೆ ಬಳಸಿಕೊಳ್ಳುವ ಸಂದರ್ಭಗಳೂ ಇವೆ. ಕಾಲೇಜು ಮೆಟ್ಟಿಲು ಹತ್ತಿದವರು ನೋಡಲಿ.

ಪ್ರಶ್ನೆ: ನಾಯಕನ ತಂದೆಯ ಕಾಫಿ ತೋಟವನ್ನು ಸೈನ್ಯ ಕಿತ್ತುಕೊಂಡಿತೆಂಬ ಮಾತು ಚಿತ್ರದಲ್ಲಿ ಬರುತ್ತದೆ. ಕಾಫಿ ಬೆಳೆಗಾರನಾದ ನನಗೆ ಆ ಮಾತು ಬಹಳ ಕಾಡಿತು. ಆದರೆ ಮುಂದೆ ಅದನ್ನು ಹೆಚ್ಚು ಬೆಳೆಸಲಿಲ್ಲವೇಕೆ? (ಮೂಡಿಗೆರೆ)

ಉತ್ತರ: ತಾವು ಹಿಡಿದ ಎಳೆ ಚಿತ್ರದ ಬೇರು. ತೋಟ ಕಳೆದುಕೊಳ್ಳುವುದೆಂದರೇನು ಎಂಬುದನ್ನು ಮೂಡಿಗೆರೆಯವರಿಗೆ ನಾನು ವಿವರಿಸಬೇಕಾಗಿಲ್ಲ: ನೆರಳಿನ ಮರಗಳನ್ನು ಬೆಳೆಸಿ, ಗಿಡ ನೆಟ್ಟು, ಚಿಗುರು ತೆಗೆದು, ಫಸಲಿಗೆ ಬರುವವರೆಗೆ ವರ್ಷಗಟ್ಟಲೆ ಕಾದು, ಹೂಮಳೆಗಾಗಿ ಆಕಾಶ ನೋಡಿದ ನೆಲ ಅದು. ಅಂಥದನ್ನು ಬಂದೂಕು ಹಿಡಿದವರು ಬಂದು ತಮ್ಮದೆಂದರೆ, ಆ ಮನೆಯ ಮಗ ಪ್ರಭುತ್ವದ ವೈರಿಯಾಗಲು ಬೇರೆ ಕಾರಣ ಬೇಕಿಲ್ಲ. ಎಸೆಕಿಯೆಲ್‌ನ ಪಡೆಗೆ ಸೇರಬಹುದಾಗಿದ್ದ ಹುಡುಗನೇ ರೆಹಾಸ್. ಆದರೂ ಅವನು ಕಾನೂನಿನ ಕಡೆಗೆ ನಡೆದ. ತನ್ನ ಮನೆಯವರಿಗೆ ಅನ್ಯಾಯ ಮಾಡಿದ ಪ್ರಭುತ್ವದ ಸಂಬಳ ಪಡೆಯುತ್ತ, ಅದೇ ಅನ್ಯಾಯದ ಹೆಸರಿನಲ್ಲಿ ಕೊಲ್ಲುವವರನ್ನು ಹುಡುಕುವ ಮನುಷ್ಯನ ಒಳಗುದಿ ಎಂಥದ್ದಿರಬೇಕು! ಬಾರ್ಡೆಮ್ ಅದನ್ನು ಮಾತಿಗಿಂತ ಹೆಚ್ಚಾಗಿ ಮೌನದಲ್ಲಿ, ದಣಿದ ಕಣ್ಣುಗಳಲ್ಲಿ ತೋರಿಸುತ್ತಾರೆ. ನಿರ್ದೇಶಕರು ಆ ತೋಟವನ್ನು ಪದೇಪದೇ ನೆನಪಿಸದೆ ಬಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹೀಗೆ ಕಳೆದುಕೊಂಡವರು ಅದನ್ನು ಎಲ್ಲರೆದುರು ಹೇಳಿಕೊಂಡು ತಿರುಗುವುದಿಲ್ಲ.

ರೆಹಾಸ್ ಮೂಲನಿವಾಸಿ ರಕ್ತದವನೆಂಬುದನ್ನೂ ಗಮನಿಸಬೇಕು. ಪೆರುವಿನ ಸತ್ಯ ಮತ್ತು ಸಂಧಾನ ಆಯೋಗ 2003ರಲ್ಲಿ ಸಲ್ಲಿಸಿದ ವರದಿ, 1980ರಿಂದ 2000ದವರೆಗಿನ ಹಿಂಸೆಯಲ್ಲಿ ಸುಮಾರು 69,000 ಜನ ಸತ್ತರೆಂದು ಅಂದಾಜಿಸಿತು. ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೆಚುವಾ ಮೊದಲಾದ ಮೂಲನಿವಾಸಿ ಭಾಷೆಗಳನ್ನಾಡುವ ಬಡ ಹಳ್ಳಿಗರು. ಯಾರ ಹೆಸರಿನಲ್ಲಿ ಕ್ರಾಂತಿ ನಡೆಯಿತೋ ಅವರೇ ಹೆಚ್ಚು ಸತ್ತರು. 1983ರ ಏಪ್ರಿಲ್‌ನಲ್ಲಿ ತಮ್ಮನ್ನು ಎದುರಿಸಿದ ಲುಕಾನಮಾರ್ಕಾ ಹಳ್ಳಿಯ ಮೇಲೆ ಸೇಡು ತೀರಿಸಿಕೊಂಡ ಸೆಂದೆರೊ ಪಡೆ, ಮಕ್ಕಳೂ ಸೇರಿ 69 ಜನರನ್ನು ಕೊಂದಿತು. ಸರ್ಕಾರದ ಕಡೆಯವರ ಕೈಯೂ ಶುದ್ಧವಾಗಿರಲಿಲ್ಲ: 1992ರ ಜುಲೈನಲ್ಲಿ ಸೈನ್ಯದ ರಹಸ್ಯ ತಂಡವೊಂದು ಲಾ ಕಂತೂತಾ ವಿಶ್ವವಿದ್ಯಾಲಯದ ಒಂಬತ್ತು ವಿದ್ಯಾರ್ಥಿಗಳನ್ನೂ ಒಬ್ಬ ಪ್ರಾಧ್ಯಾಪಕರನ್ನೂ ಎಳೆದೊಯ್ದು ಕೊಂದಿತು. ಈ ಎರಡು ಕ್ರೌರ್ಯಗಳ ನಡುವೆ ರೆಹಾಸ್‌ಗೆ ನಿಲ್ಲಲು ಸಿಕ್ಕ ನೆಲ ಬಹಳ ಕಿರಿದು.

ಪ್ರಶ್ನೆ: ಸ್ಪ್ಯಾನಿಷ್ ಮಾತನಾಡುವ ನಾಡಿನ ಜನ ತಮ್ಮ ತಮ್ಮಲ್ಲೇ ಇಂಗ್ಲಿಷ್ ಮಾತನಾಡುವುದು ವಿಚಿತ್ರವೆನಿಸಲಿಲ್ಲವೇ? (ಸಕಲೇಶಪುರ)

ಉತ್ತರ: ಅನಿಸಿತು. ಚಿತ್ರದ ದೊಡ್ಡ ಕೊರತೆ ಅದೇ. ನಮ್ಮ ಹೆತ್ತೂರು ಹೋಬಳಿಯ ಹಿರಿಯರು ಮನೆಯ ಜಗಲಿಯಲ್ಲಿ ಕುಳಿತು ಟಿವಿ ವಾರ್ತೆಯ ಕನ್ನಡದಲ್ಲಿ ಜಗಳವಾಡಿದರೆ ಹೇಗಿದ್ದೀತೋ ಹಾಗಿದೆ. ಬಾರ್ಡೆಮ್ ತಮ್ಮದಲ್ಲದ ಭಾಷೆಯಲ್ಲಿ ಪದ ಹುಡುಕುವಾಗ ಕೆಲವು ಕಡೆ ಪಾತ್ರದ ಹಿಂಜರಿಕೆಗೆ ಅದು ಒದಗಿಬಂದಿದೆ, ಆದರೆ ಅದು ಕೊರತೆಯನ್ನು ಮುಚ್ಚುವಷ್ಟಿಲ್ಲ. ಅಲ್ಲಲ್ಲಿ ಕೆಚುವಾ ಕೇಳಿಸಿದಾಗ ದೃಶ್ಯ ಒಮ್ಮೆಗೇ ಜೀವ ತಳೆಯುತ್ತದೆ.

ಪ್ರಶ್ನೆ: ಕಾಡಂಚಿನ ನಮ್ಮ ಊರಿನಲ್ಲಿ ಎರಡು ದಶಕ ನಕ್ಸಲರನ್ನು ಹುಡುಕುವ ಪೊಲೀಸರ ಕೂಂಬಿಂಗ್ ನೋಡಿದ್ದೇವೆ. ರಾತ್ರಿ ಬಾಗಿಲು ಬಡಿದವರು ಯಾರೆಂದು ತಿಳಿಯದೆ ನಡುಗಿದ್ದೇವೆ. ಎಲ್ಲೋ ದೂರದ ದೇಶದ ಈ ಚಿತ್ರದಿಂದ ನಮಗೇನು? (ಶೃಂಗೇರಿ ತಾಲ್ಲೂಕು)

ಉತ್ತರ: ಈ ಪತ್ರವನ್ನು ಓದಿ ಬಹಳ ಹೊತ್ತು ಸುಮ್ಮನಿದ್ದೆ. ಮೊದಲು ಒಂದು ಎಚ್ಚರಿಕೆಯ ಮಾತು. ಪೆರುವಿನಲ್ಲಿ ನಡೆದದ್ದನ್ನೂ ಮಲೆನಾಡಿನಲ್ಲಿ ನಡೆದದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಸಾವಿನ ಪ್ರಮಾಣ ಬೇರೆ, ಚಳವಳಿಯ ಗಾತ್ರ ಬೇರೆ, ಅದು ಹುಟ್ಟಿದ ನೆಲದ ಸಂಕಟವೂ ಬೇರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸಿಲುಕಿದ ಮನೆಗಳು, ಒಕ್ಕಲೆಬ್ಬಿಸುವ ಭಯ, ಕೈಗೆ ಬಾರದ ಹಕ್ಕುಪತ್ರ, ರಸ್ತೆ ಮತ್ತು ಸೇತುವೆಗಾಗಿ ಮುಗಿಯದ ಅರ್ಜಿಗಳು: ಇವುಗಳಿಂದ ಬೇಸತ್ತ ಜನರ ನಡುವೆ ನಕ್ಸಲ್ ಚಳವಳಿ ನೆಲೆ ಹುಡುಕಿತೆಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಅದಾದ ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ಪೊಲೀಸ್ ತುಕಡಿಯ ಮೇಲೆ ದಾಳಿ ನಡೆದು, ಮನೆಯಿಂದ ದೂರ ಬಂದು ಮಲಗಿದ್ದ ಪೊಲೀಸರು ಸತ್ತರು. ಒಂದು ಸಾವು ಇನ್ನಷ್ಟು ಸಾವುಗಳನ್ನು ಕರೆತಂದ ಬಗೆ ಇದು. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪದ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದಾಗಲೂ ಅದೇ ಸರಣಿ ಮುಂದುವರಿಯುವುದೇ ಎಂಬ ಆತಂಕ ನಮ್ಮಲ್ಲಿ ಅನೇಕರಿಗೆ ಇತ್ತು. ಆದರೆ ನಾಗರಿಕರು ಮುಂದೆ ನಿಂತು ನಡೆಸಿದ ಮಾತುಕತೆಯ ಫಲವಾಗಿ, 2025ರ ಜನವರಿ 8ರಂದು ಆರು ಜನ ಕಾಡಿನಿಂದ ಹೊರಬಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಫೆಬ್ರವರಿ 1ರಂದು ಕೋಟೆಹೊಂಡ ರವೀಂದ್ರ ಚಿಕ್ಕಮಗಳೂರಿನಲ್ಲೇ ಶರಣಾದರು. ಬಂದೂಕು ವರ್ಷಾನುಗಟ್ಟಲೆ ಮಾಡಲಾಗದ್ದನ್ನು ಮಾತು ಕೆಲವೇ ವಾರಗಳಲ್ಲಿ ಮಾಡಿತು. ಆ ಮಾತಿಗೆ ದಾರಿ ಮಾಡಿದವರ ತಾಳ್ಮೆಯ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಚಿತ್ರ ನಮಗೆ ಸಂಬಂಧಿಸುವುದು ಇಲ್ಲಿಯೇ. ಎಸೆಕಿಯೆಲ್ ಸತ್ತರೆ ಸಾಕೆನ್ನುವ ಮೇಲಧಿಕಾರಿಗಳ ನಡುವೆ, ಅವನು ಜೀವಂತ ಸಿಗಬೇಕು, ವಿಚಾರಣೆ ಎದುರಿಸಬೇಕು ಎಂಬುದು ರೆಹಾಸ್‌ನ ಹಟ. ಸತ್ತವನು ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ತಾನು ಮಾಡಿದ್ದಕ್ಕೂ ಉತ್ತರಿಸುವುದಿಲ್ಲ, ತನ್ನನ್ನು ಆ ದಾರಿಗೆ ತಳ್ಳಿದ ಅನ್ಯಾಯದ ಬಗ್ಗೆಯೂ ಹೇಳುವುದಿಲ್ಲ. ರಾತ್ರಿ ಬಾಗಿಲು ಬಡಿದಾಗ ನಡುಗಿದವರಿಗೆ ಆ ಎರಡೂ ಉತ್ತರಗಳನ್ನು ಕೇಳುವ ಹಕ್ಕಿದೆ. ಶರಣಾದವರ ಮೇಲಿನ ಮೊಕದ್ದಮೆಗಳು ಬೇಗ ಇತ್ಯರ್ಥವಾಗಬೇಕು, ಅವರಿಗೆ ಕೊಟ್ಟ ಭರವಸೆಗಳು ಕಡತದಲ್ಲಿ ಉಳಿಯಬಾರದು, ಕಾಡಂಚಿನ ಊರುಗಳಿಗೆ ಹಕ್ಕುಪತ್ರವೂ ರಸ್ತೆಯೂ ಬರಬೇಕು. ಸಿನಿಮಾ ಅಂಕಣದಲ್ಲಿ ಇದನ್ನೇಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ, ಆ ಚಿತ್ರ ನೋಡಿದ ಮೇಲೆ ಬರೆಯದೆ ಇರಲಾಗಲಿಲ್ಲ ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ: ಕಾನೂನು ವಿದ್ಯಾರ್ಥಿನಿಯಾದ ನನಗೆ ಬಂಧನದ ನಂತರದ ಕಥೆ ಮುಖ್ಯವೆನಿಸುತ್ತದೆ. ನಿಜ ಜೀವನದಲ್ಲಿ ಆ ನಾಯಕನಿಗೂ ನೃತ್ಯಗಾರ್ತಿಗೂ ನ್ಯಾಯಯುತ ವಿಚಾರಣೆ ಸಿಕ್ಕಿತೇ? (ಹಾಸನ)

ಉತ್ತರ: ಮೊದಲು ಸಿಗಲಿಲ್ಲ. ಪೊಲೀಸರು ಕಾನೂನಿನ ದಾರಿಯಲ್ಲಿ ಹಿಡಿದುಕೊಟ್ಟವನನ್ನು ಸರ್ಕಾರ ಪಟ್ಟೆಪಟ್ಟೆಯ ಬಟ್ಟೆ ತೊಡಿಸಿ, ಪಂಜರದೊಳಗೆ ನಿಲ್ಲಿಸಿ ಪತ್ರಕರ್ತರಿಗೆ ಪ್ರದರ್ಶಿಸಿತು. ಮುಖ ಮರೆಸಿಕೊಂಡ ಸೇನಾ ನ್ಯಾಯಾಧೀಶರು ಕೆಲವೇ ವಾರಗಳಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದರು. ತನಗೆ ಶಿಕ್ಷೆ ಕೊಡುವವರು ಯಾರೆಂದು ಆರೋಪಿಗೆ ತಿಳಿಯದ, ವಕೀಲರಿಗೆ ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶವಿಲ್ಲದ ವಿಚಾರಣೆಗಳವು. ಗರಿದೊ ಲೆಕ್ಕಾ ಅವರಿಗೂ ಹಾಗೆಯೇ ಜೀವಾವಧಿ ಶಿಕ್ಷೆಯಾಯಿತು.

ಫುಜಿಮೊರಿ ಆಡಳಿತ 2000ದಲ್ಲಿ ಕುಸಿದ ಮೇಲೆ, 2003ರ ಜನವರಿಯಲ್ಲಿ ಪೆರುವಿನ ಸಾಂವಿಧಾನಿಕ ನ್ಯಾಯಾಲಯವು ಇಂಥ ವಿಚಾರಣೆಗಳಿಗೆ ಅವಕಾಶ ಕೊಟ್ಟಿದ್ದ ಸುಗ್ರೀವಾಜ್ಞೆಗಳ ಮುಖ್ಯ ಭಾಗಗಳನ್ನು ರದ್ದುಗೊಳಿಸಿ ಮರುವಿಚಾರಣೆಗೆ ದಾರಿ ಮಾಡಿತು. ಬಿಡುಗಡೆಯ ಭಯದಿಂದ ಅನೇಕರು ಅದನ್ನು ವಿರೋಧಿಸಿದರು. 2004ರ ಮೊದಲ ಪ್ರಯತ್ನ, ಆರೋಪಿಗಳು ಕ್ಯಾಮೆರಾಗಳ ಎದುರು ಮುಷ್ಟಿ ಎತ್ತಿ ಘೋಷಣೆ ಕೂಗಿದ್ದರಿಂದ ಕುಸಿದುಬಿತ್ತು. ಆದರೂ ಕೈಬಿಡದೆ ಮತ್ತೆ ಆರಂಭಿಸಿದರು. 2006ರ ಅಕ್ಟೋಬರ್ 13ರಂದು, ಮುಖ ತೋರಿಸಿ ಕುಳಿತ ನಾಗರಿಕ ನ್ಯಾಯಾಧೀಶರು ಗುಸ್ಮಾನ್‌ಗೆ ಜೀವಾವಧಿ ಶಿಕ್ಷೆಯನ್ನೇ ಕೊಟ್ಟರು. ಆತ 2021ರ ಸೆಪ್ಟೆಂಬರ್ 11ರಂದು ಸೆರೆಯಲ್ಲೇ ತೀರಿಕೊಂಡ. ಗರಿದೊ ಲೆಕ್ಕಾ ಅವರ ಶಿಕ್ಷೆ ಮರುವಿಚಾರಣೆಯ ನಂತರ 25 ವರ್ಷಗಳಿಗೆ ನಿಗದಿಯಾಗಿ, ಅದನ್ನು ಪೂರೈಸಿ 2017ರ ಸೆಪ್ಟೆಂಬರಿನಲ್ಲಿ ಅವರು ಹೊರಬಂದರು. ಫುಜಿಮೊರಿ ಅವರಿಗೂ ಲಾ ಕಂತೂತಾ ಮೊದಲಾದ ಕೊಲೆಗಳಿಗಾಗಿ 2009ರಲ್ಲಿ 25 ವರ್ಷಗಳ ಶಿಕ್ಷೆಯಾಯಿತು. ಆ ದೇಶದ ನ್ಯಾಯಾಲಯಗಳು ಎರಡೂ ಕಡೆಯ ದೊಡ್ಡವರನ್ನು ಕಟಕಟೆಗೆ ತಂದವು.

ಚಿತ್ರ ತೆರೆಕಂಡದ್ದು 2002ರಲ್ಲಿ. ಈ ಮರುವಿಚಾರಣೆಗಳೆಲ್ಲ ನಡೆದದ್ದು ಆಮೇಲೆ. ಹಾಗಾಗಿ ಕೊನೆಯ ಭಾಗದಲ್ಲಿ ರೆಹಾಸ್‌ನ ಮುಖದ ಮೇಲಿರುವ ಸೋಲು ಆ ಹೊತ್ತಿನ ಮಟ್ಟಿಗೆ ನಿಜವಾದದ್ದು. ತಾವು 2003ರ ತೀರ್ಪನ್ನು ಓದಿ ಆ ಚಿತ್ರವನ್ನು ಮತ್ತೊಮ್ಮೆ ನೋಡಿ, ಅನ್ನಿಸಿದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.